ರಬ್ಬರ್ ಕಿತ್ತುಕೊಳ್ಳುತ್ತಿದ್ದ ಮೇಡಂ

ಪರೀಕ್ಷೆ ಹತ್ತಿರ ಬಂತೆಂದರೆ ಸುಮಿತ್ರಾ ಮೇಡಂ ಮೊದಲು ಮಾಡುತ್ತಿದ್ದ ಕೆಲಸ ನಮ್ಮ ರಬ್ಬರುಗಳನ್ನು ಕಿತ್ತುಕೊಳ್ಳುವುದು. ಅವರ ಮೇಜಿನ ಡ್ರಾಯರಿನಲ್ಲಿ ಅರ್ಧ ಸವೆದ ರಬ್ಬರುಗಳ ರಾಶಿಯೇ ಇತ್ತು. "ತಪ್ಪಾದ್ರೆ ತಪ್ಪಾಗ್ಲಿ ಬಿಡು. ಉಜ್ಜಿ ಉಜ್ಜಿ ಕಾಗದಾನೂ ಹರೀತೀಯ, ತಲೇನೂ ಕೆಡಿಸ್ಕೋತೀಯ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಮೇಡಂ ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಪಾಠ ಮಾಡುತ್ತಿದ್ದರು. ದಪ್ಪ ಕನ್ನಡಕ, ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ದುರ್ಗಿಗುಡಿಯ ನಮ್ಮ ಹಾಸ್ಟೆಲಿನಲ್ಲಿ ಯಾವ ಹುಡುಗಿಯಾದರೂ ಊಟ ಬಿಟ್ಟು ಅಳುತ್ತಿದ್ದಾಳೆಂದು ತಿಳಿದರೆ ಮರುದಿನವೇ ಅವಳನ್ನು ಲ್ಯಾಬಿಗೆ ಕರೆಸಿ, ಎದುರಿಗೊಂದು ಎಲೆ ಇಟ್ಟು, ಚಿತ್ರ ಬರೆಸುತ್ತಿದ್ದರು. ಅದಕ್ಕೆ ಅಂಕವಿಲ್ಲ, ರೆಕಾರ್ಡಿನಲ್ಲಿ ಜಾಗವೂ ಇಲ್ಲ.

ನನ್ನ ಸರದಿಯೂ ಬಂತು. ಮೊದಲ ವರ್ಷ ಒಂದು ಪೇಪರಿನಲ್ಲಿ ಡುಮ್ಕಿ ಹೊಡೆದಿದ್ದೆ. ಪ್ರಶ್ನೆಪತ್ರಿಕೆ ನೆನೆದರೆ ಸಾಕು, ತೆರೆದ ಪುಸ್ತಕ ಮುಚ್ಚಿಡುತ್ತಿದ್ದೆ. ಓದೇ ಬೇಡವೆಂದು ಊರಿಗೆ ಹೊರಡಲು ಟ್ರಂಕು ತುಂಬಿಸಿಟ್ಟಿದ್ದೆ. ಮೇಡಂ ದಾಸವಾಳದ ಎಲೆ ಇಟ್ಟರು. ರೆಕಾರ್ಡು ಬರೆದು ಪಳಗಿದ ಕೈ ನನ್ನದು. ಚಂದದ ಎಲೆಯೊಂದನ್ನು ಬರೆದು ಕೊಟ್ಟೆ.

"ಇದು ಪುಸ್ತಕದ ಎಲೆ ಮಾರಾಯ್ತಿ. ನಿನ್ನ ಮುಂದಿರೋದನ್ನ ಅರ್ಧ ಹುಳ ತಿಂದಿದೆ. ಅದೆಲ್ಲಿ?"

ನೋಡಿದರೆ ಹೌದು. ಸಸ್ಯಶಾಸ್ತ್ರ ಓದುವವರ ರೋಗವೇ ಅದು: ಕಣ್ಣಿಗೆ ತೂತು ಕಂಡರೂ ಕೈ ಇಡೀ ಎಲೆಯನ್ನೇ ಬರೆದುಬಿಡುತ್ತದೆ. ಮತ್ತೆ ಬರೆದೆ, ಹುಳ ತಿಂದ ಅಂಚಿನ ಸಮೇತ. ಅಷ್ಟು ಹೊತ್ತು ಪರೀಕ್ಷೆ ನೆನಪಾಗಲೇ ಇಲ್ಲ. ವಾರವಿಡೀ ಬರೆಸಿದರು. ಟ್ರಂಕು ಬಿಚ್ಚಿದೆ, ಆ ಪೇಪರೂ ಪಾಸಾಯಿತು.

ನಾನು ಎರಡನೇ ವರ್ಷದಲ್ಲಿದ್ದಾಗ, ಮೇಡಂ ಗಂಡ ಸೂಪರ್‌ವೈಸರ್ ಆಗಿದ್ದ ಭದ್ರಾವತಿಯ ಸಣ್ಣ ಫೌಂಡ್ರಿ ಮುಚ್ಚಿತು. ಅಂದಿನಿಂದ ಗಂಡ ಮಾತು ಬಿಟ್ಟರು. ಊಟಕ್ಕೆ ಕರೆದರೆ ಬರುವುದು, ಉಂಡು ಮತ್ತೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುವುದು, ಅಷ್ಟೇ. "ಇವರಿಗೂ ಪೆನ್ಸಿಲ್ ಕೊಟ್ಟಿದೀನಿ ಕಣೇ, ನೋಡೋಣ" ಎಂದು ಮೇಡಂ ನಕ್ಕಿದ್ದರು. ದಿನಾ ಬಸ್ಸಿಗೆ ಹೊರಡುವ ಮೊದಲು ಗಂಡನ ಎದುರಿನ ಸ್ಟೂಲಿನ ಮೇಲೆ ಬಿಳಿ ಹಾಳೆ, ಹೊಸ ಎಲೆ ಇಟ್ಟು ಬರುತ್ತಿದ್ದರು. ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಎಲೆ ಬಾಡಿತ್ತು, ಹಾಳೆ ಖಾಲಿ ಇತ್ತು. ಮೇಡಂ ಕೇಳಿದ್ದಕ್ಕೆ ಅವರು ಮೆಲ್ಲಗೆ, "ಆಮೇಲೆ ಬರೀತೀನಿ ಸುಮಿತ್ರಾ" ಎಂದರು. ಹೆಂಡತಿಯ ಮನಸ್ಸು ನೋಯಬಾರದೆಂದು ಆಡಿದ ಮಾತು ಅದೆಂದು ನನಗೂ ಗೊತ್ತಾಯಿತು.

ನಾನು ಮೇಡಂ ಅವರನ್ನು ಕೊನೆಯ ಸಲ ನೋಡಿದ್ದು ಅವರ ಗಂಡ ತೀರಿಕೊಂಡ ವಾರ. ಆಗ ನಾನೂ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಹಾರ್ಟ್ ಅಟ್ಯಾಕ್ ಎಂದು ಡಾಕ್ಟರು ಹೇಳಿದ್ದರಂತೆ. ಬಂದವರೆಲ್ಲ ಹೋದ ಮೇಲೆ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಇಡೀ ಹಾಸ್ಟೆಲ್ ಹುಡುಗೀರ ಅಳು ನಿಲ್ಲಿಸ್ದೆ. ಅದೇ ಅಭ್ಯಾಸ ನೋಡು. ಇವರಿಗೆ ಒಂದಿನ, ಏನೂ ಬರೀಬೇಡಿ, ಅತ್ತುಬಿಡಿ ಅನ್ನಬೇಕಿತ್ತು. ಅನ್ನಲೇ ಇಲ್ಲ."

ಹಾಗೆ ಹೇಳುವಾಗಲೂ ಅವರ ಕಣ್ಣು ಒಣಗೇ ಇತ್ತು. ನನಗೆ ಹೆದರಿಕೆಯಾಯಿತು.

"ನೀವಾದ್ರೂ ಅತ್ತುಬಿಡಿ ಮೇಡಂ" ಎಂದೆ.

"ಬರ್ತಾ ಇಲ್ಲ ಮಾರಾಯ್ತಿ" ಎಂದರು.