ರಾಣಿಯನ್ನು ಬುರುಜಿನಿಂದ ಇಳಿಸಿದ ಗೈಡ್

ಕೋಟೆಯ ಗೈಡನ್ನು ಊರವರು ಕರೆಯುವುದು ಬುರುಡೆಪ್ಪ ಎಂದು. ಹುಟ್ಟಿದ್ದು ಕೋಟೆಯೊಳಗಿನ ಓಣಿಯಲ್ಲಿ; ಓದು ಸ್ವಲ್ಪ, ಬಾಯಿ ಊರಗಲ. ಮೂಡಣ ಬುರುಜಿನಿಂದ ರಾಣಿಯೊಬ್ಬಳು ಹಾರಿ ಪ್ರಾಣಬಿಟ್ಟಳೆಂಬ ಕತೆಯನ್ನು ವರ್ಷಗಟ್ಟಲೆ ಹೇಳಿದ. ಅಂಥ ರಾಣಿ ಯಾವ ಶಾಸನದಲ್ಲೂ ಇಲ್ಲ. ಕೇಳಿದವರು ಕಣ್ಣೊರೆಸಿಕೊಂಡು, ಆಮೇಲೆ ಅವಳು ಹಾರಿದ ಜಾಗ ನೋಡಲು ಅಂಚಿನ ಗೋಡೆ ಹತ್ತುತ್ತಿದ್ದರು. ಕಲ್ಲುಗಳು ಸಡಿಲಗೊಂಡವು. ಒಂದು ಉರುಳಿ, ಕೆಳಗಿದ್ದ ಅವನ ಅಕ್ಕನ ಮನೆಯ ಹಂಚು ಒಡೆಯಿತು.

ಪ್ರವಾಸಿಗರನ್ನು ನೋಡಿಕೊಳ್ಳುವ ಕೆಲಸವನ್ನು ಆಗಷ್ಟೇ ಓಣಿಯವರು ಸಂಘ ಕಟ್ಟಿ ತಾವೇ ವಹಿಸಿಕೊಂಡಿದ್ದರು. ಅಧ್ಯಕ್ಷೆ ಟೈಲರಮ್ಮ ಅವನನ್ನು ಕರೆಸಿದಳು.

"ಕತೆ ಬಿಡಿ, ಇಲ್ಲಾ ಗೈಡ್ ಬ್ಯಾಡ್ಜ್ ಬಿಡಿ."

"ರಾಣಿ ಹಾರದಿದ್ರೆ ನಾನೇ ಹಾರಬೇಕಾಗುತ್ತಮ್ಮ. ಬರೀ ಕಲ್ಲು ನೋಡೋಕೆ ಯಾರು ಬರ್ತಾರೆ?"

ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಆದ್ದರಿಂದ ಚೆನ್ನಾಗಿ ಯೋಚಿಸಿ, ರಾಣಿಯನ್ನು ಪಡುವಣ ಬುರುಜಿಗೆ ವರ್ಗ ಮಾಡಿದ. ಅಲ್ಲಿ ಕಲ್ಲು ಗಟ್ಟಿ, ಕೆಳಗೆ ಮನೆಗಳೂ ಇಲ್ಲ ಎಂಬುದು ಅವನ ಸಮಜಾಯಿಷಿ. ಸಂಘದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಬ್ಯಾಡ್ಜನ್ನೂ ಕಿತ್ತುಕೊಂಡರು.

ಮುಖ ಊದಿಸಿಕೊಂಡು ಕೂತವನನ್ನು ಅಕ್ಕ ಬಂದು ಎಬ್ಬಿಸಿದಳು. "ಕತೆ ಹೇಳೋಕೆ ಬುರುಜೇ ಆಗಬೇಕೇನೋ? ನನ್ನ ಅಡುಗೆಮನೆ ಗೋಡೆನೂ ಕೋಟೆದೇ ಅಲ್ವಾ?"

"ಮಸಿ ಹಿಡಿದ ಗೋಡೆ ತೋರಿಸ್ಲಾ?"

"ನಿನ್ನ ರಾಣಿಗಿಂತ ವಾಸಿ. ಅದು ಇರೋದಾದರೂ ನಿಜ."

ಇನ್ನೊಂದು ಅವಕಾಶ ಕೊಡಿರೆಂದು ಅವನು ಸಂಘವನ್ನು ಕೇಳಿಕೊಂಡ. ಪರೀಕ್ಷಿಸಲು ಟೈಲರಮ್ಮ ತಾನೇ ಪ್ರವಾಸಿಗರ ಗುಂಪಿನ ಹಿಂದೆ ನಡೆದಳು. ಅಕ್ಕನ ಅಡುಗೆಮನೆಯಲ್ಲಿ ಅವನು ಸೈನಿಕರು ಬಾಣ ಬಿಡುತ್ತಿದ್ದ ಕಿಂಡಿ ತೋರಿಸಿದ. ಈಗ ಅದರಲ್ಲಿ ಒಲೆಯ ಹೊಗೆ ಹೊರಹೋಗುತ್ತಿತ್ತು. ಜನ ಬಗ್ಗಿ ನೋಡಿದರು, ಗೋಡೆಯ ದಪ್ಪಕ್ಕೆ ಕೈಚಾಚಿದರು, ಅಕ್ಕನನ್ನು ನೂರೆಂಟು ಪ್ರಶ್ನೆ ಕೇಳಿದರು. ಒಬ್ಬ ಹೆಂಗಸಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಈ ಕೋಟೆಯಲ್ಲಿ ಯಾರೂ ಹಾರಿ ಸತ್ತಿಲ್ವಾ?"

ಅವನು ತಿರುಗಿ ನೋಡಿದ. ಟೈಲರಮ್ಮ ಬಾಗಿಲಲ್ಲೇ ನಿಂತಿದ್ದಳು.

"ನನಗೆ ಗೊತ್ತಿರೋ ಹಾಗೆ ಇಲ್ಲಮ್ಮ. ಇಲ್ಲಿ ಬದುಕಿದವರ ವಿಷಯ ಕೇಳಿ, ಹೇಳ್ತೀನಿ."

ಬ್ಯಾಡ್ಜ್ ಅಂದೇ ಮರಳಿ ಸಿಕ್ಕಿತು. ಈಗ ಓಣಿಯ ಇನ್ನೂ ಕೆಲವು ಮನೆಗಳು ಪ್ರವಾಸಿಗರಿಗೆ ಬಾಗಿಲು ತೆರೆದಿವೆ. ಮೂಡಣ ಬುರುಜನ್ನು ಗಾರೆಯವರು ಭದ್ರಪಡಿಸುತ್ತಿದ್ದಾರೆ. ಒಮ್ಮೆಗೆ ಆರು ಜನಕ್ಕಿಂತ ಹೆಚ್ಚು ಕರೆತಂದರೆ ಅಕ್ಕ ತಮ್ಮನನ್ನೇ ಹೊರಗೆ ನಿಲ್ಲಿಸುತ್ತಾಳೆ.