ಐದು ಪಾಠ ನಿನಗೆ, ಐದು ನನಗೆ

ಬೆಳಗಿನ ಐದಕ್ಕೆ ಎದ್ದು ಮುಖ ತೊಳೆದು, ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಹೊತ್ತಿನಲ್ಲಿ ಅವಳು ಆ ದಿನವನ್ನು ಬರೆದಿಡುತ್ತಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ, ಖಾಲಿ ಬದಿಯಲ್ಲಿ ಗೆರೆ ಎಳೆಯುವುದು. ಐದರಿಂದ ಎಂಟು ಇಸ್ತ್ರಿ, ಒಂಬತ್ತರಿಂದ ಮೂರು ಕಾಲೇಜು, ನಾಲ್ಕರಿಂದ ಆರು ಬಟ್ಟೆ ತಲುಪಿಸುವುದು, ಆಮೇಲೆ ಓದು. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ. ಅವತ್ತು 'ಎರಡರಿಂದ ನಾಲ್ಕು: ಮಲಗುವುದು' ಎಂದು ಬರೆದು, ಬರೆದ ಹಾಗೇ ನಾಲ್ಕಕ್ಕೆ ಎದ್ದು ಕೂತಿದ್ದಳು.

ತರಗತಿಯವರು ಅವಳಿಗೆ ಗಡಿಯಾರ ಎಂದೇ ಹೆಸರಿಟ್ಟಿದ್ದರು. ಅವಳಿಗೆ ಬೇಸರವಿರಲಿಲ್ಲ. ದೇವರು ಉಳ್ಳವರಿಗೂ ಇಲ್ಲದವರಿಗೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಅಳೆದು ಕೊಟ್ಟಿದ್ದಾನೆ, ಅದೊಂದರಲ್ಲಿ ಭೇದ ಮಾಡಿಲ್ಲ ಎಂಬುದು ಅವಳ ನಂಬಿಕೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಇಸ್ತ್ರಿ ಅಂಗಡಿಯೇ ಮನೆಗೆ ಆಧಾರ. ಪದವಿಯ ಕೊನೆಯ ವರ್ಷ ಪ್ರಥಮ ದರ್ಜೆ ಬಂದರೆ ಶಿಕ್ಷಕರ ತರಬೇತಿಯಲ್ಲಿ ಶುಲ್ಕವಿಲ್ಲದ ಸೀಟು. ಬರದಿದ್ದರೆ ಬದುಕೆಲ್ಲ ಆ ಇಸ್ತ್ರಿ ಮೇಜಿನ ಮುಂದೆಯೇ.

ದೊಡ್ಡಮ್ಮನ ಮಗಳೂ ಅದೇ ತರಗತಿ. ಎರಡು ತಿಂಗಳ ಹಿರಿತನಕ್ಕೆ ಅಕ್ಕ ಎನಿಸಿಕೊಂಡವಳು. ಒಂದು ದಿನ ಅವಳೇ ಭೂಗೋಳದ ಪುಸ್ತಕ ಹಿಡಿದು ಅಂಗಡಿಗೆ ಬಂದಳು.

"ಲೇ ಗಡಿಯಾರ, ಹತ್ತು ಪಾಠ ನಾನೂ ಓದಿ, ಅದೇ ಹತ್ತು ನೀನೂ ಓದಿ ಏನು ಸುಖ? ಮೊದಲ ಐದು ನೀನು ಓದು, ಕೊನೇ ಐದು ನಾನು ಓದ್ತೀನಿ. ಭಾನುವಾರ ಒಬ್ಬರಿಗೊಬ್ಬರು ಹೇಳಿಕೊಟ್ರಾಯ್ತು."

ಗಡಿಯಾರ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ವಾರಕ್ಕೆ ಮೂರು ಗಂಟೆ ಉಳಿಯುತ್ತದೆ. ಮೂರು ಗಂಟೆ!

ಅಮ್ಮ ಮಾತ್ರ ಒಪ್ಪಲಿಲ್ಲ. "ಓದು ಅಂದ್ರೆ ಒಬ್ಬರ ಬಟ್ಟೆ ಇನ್ನೊಬ್ಬರು ಇಸ್ತ್ರಿ ಮಾಡಿದ ಹಾಗಲ್ಲ ಕಣೇ."

"ನಮ್ಮ ಅಂಗಡಿ ನಡೀತಿರೋದೇ ಹಾಗಲ್ವೇನಮ್ಮ?"

ಅಮ್ಮನಿಗೂ ನಗು ಬಂತು. ಮಾತು ಅಲ್ಲಿಗೆ ಮುಗಿಯಿತು.

ಗಡಿಯಾರ ತನ್ನ ಪಾಲಿನ ಐದು ಪಾಠಗಳನ್ನು ಅರೆದು ಕುಡಿದಳು. ನದಿ ದಡ ಕೊರೆಯುವುದನ್ನು ಅಕ್ಕನಿಗೆ ತೋರಿಸಲು ಹಿತ್ತಲಲ್ಲಿ ಮರಳು ಗುಡ್ಡೆ ಹಾಕಿ, ಚೊಂಬಿನಿಂದ ನೀರು ಬಿಟ್ಟಳು. "ನೋಡಕ್ಕ, ಹೊರಗಿನ ತಿರುವಲ್ಲಿ ಕೊರೀತಾ ಇದೆ, ಒಳಗಿನ ತಿರುವಲ್ಲಿ ಮರಳು ಬಿಡ್ತಾ ಇದೆ." ಅಕ್ಕ ತಲೆದೂಗಿ ಎಲ್ಲವನ್ನೂ ಬರೆದುಕೊಂಡಳು.

ಅಕ್ಕನ ಸರದಿ ಬಂದಾಗ ಮಾತ್ರ ಅವಸರವೋ ಅವಸರ. ತಡವಾಗಿ ಬರುವುದು, ನಾಲ್ಕು ಸಾಲು ಓದಿ ಹೇಳುವುದು, ಚಪ್ಪಲಿ ಮೆಟ್ಟುವುದು.

"ಒಂಬತ್ತನೇ ಪಾಠ ಉಳೀತಲ್ಲಕ್ಕ, ಹಿಮನದಿ?"

"ಅಯ್ಯೋ, ಅದು ಬರಲ್ಲ ಬಿಡೇ. ಐದು ವರ್ಷದಿಂದ ಬಂದಿಲ್ಲ. ಇಸ್ತ್ರಿ ಕಾವಲ್ಲಿ ಕೂತವಳಿಗೆ ಹಿಮ ಯಾಕೆ?"

ಇಬ್ಬರೂ ನಕ್ಕರು. ಗಡಿಯಾರ ಹಾಳೆಯಲ್ಲಿ ಆ ಪಾಠದ ಮೇಲೆ ಗೀಟು ಹಾಕಿದಳು. ಉಳಿದ ಹೊತ್ತನ್ನು ಮೂರನೇ ಪಾಠಕ್ಕೆ ಕೊಟ್ಟಳು; ಅದು ಅಕ್ಕನಿಗೆ ಇನ್ನೂ ಸರಿಯಾಗಿ ಹತ್ತಿರಲಿಲ್ಲ.

ಪರೀಕ್ಷೆಯಲ್ಲಿ ಹಿಮನದಿಯ ಮೇಲೆ ಇಪ್ಪತ್ತು ಅಂಕದ ಪ್ರಶ್ನೆ, ಬಿಡುವಂತಿಲ್ಲ. ಗಡಿಯಾರ ಪೆನ್ನು ಹಿಡಿದು ಕೂತೇ ಇದ್ದಳು. ಎರಡು ಸಾಲು ಮುಂದೆ ಅಕ್ಕ ಎದ್ದು ನಿಂತು ಹೆಚ್ಚಿನ ಹಾಳೆ ಕೇಳಿದಳು. ಪಾಪ, ಏನು ಬರೆಯುತ್ತಾಳೋ ಎಂದು ಇವಳ ಜೀವ ಅತ್ತಲೇ ಮರುಗಿತು.

ಹೊರಗೆ ಬಂದ ಮೇಲೆ ಅಕ್ಕ ಮುಖ ಸಣ್ಣದು ಮಾಡಿಕೊಂಡಳು. "ನನಗೂ ಬರಲಿಲ್ಲ ಕಣೇ. ಏನೋ ಗೀಚಿ ಬಂದೆ."

"ಹೋಗಲಿ ಬಿಡಕ್ಕ, ದೇವರಿದ್ದಾನೆ," ಎಂದು ಗಡಿಯಾರವೇ ಅವಳ ಬೆನ್ನು ಸವರಿದಳು.

ನಾಲ್ಕನೇ ದಿನ ದೊಡ್ಡಮ್ಮನ ಮನೆಯ ಬಟ್ಟೆಗಂಟು ಬಂತು. ಇಸ್ತ್ರಿ ಇಡುವ ಮೊದಲು ಜೇಬು ನೋಡುವುದು ಆ ಕೆಲಸದ ಮೊದಲ ಪಾಠ. ಮರೆತ ಪೆನ್ನು ಕಾವಿಗೆ ಕರಗಿದರೆ ಬಟ್ಟೆಯೂ ಹೋಯಿತು, ಗಿರಾಕಿಯೂ ಹೋದ. ಪರೀಕ್ಷೆಯ ದಿನ ತೊಟ್ಟು, ಒಗೆಯದೇ ಇಸ್ತ್ರಿಗೆ ಹಾಕಿದ್ದ ಅಕ್ಕನ ಕುರ್ತಾದ ಜೇಬಿನಲ್ಲಿ ಮಡಿಸಿದ ಕಾಗದವಿತ್ತು. ಮೇಲೆ ಟ್ಯೂಷನ್ ಕೇಂದ್ರದ ಮುದ್ರೆ. ಕೆಳಗೆ ಅಕ್ಕನ ದುಂಡು ಅಕ್ಷರ: 'ಒಂಬತ್ತು, ಹಿಮನದಿ. ಖಂಡಿತ ಬರುತ್ತದೆ.' ಎರಡು ಅಡಿಗೆರೆ. ಅವರಿಬ್ಬರೂ ನಕ್ಕ ಆ ಭಾನುವಾರಕ್ಕೆ ಒಂದು ತಿಂಗಳು ಹಿಂದಿನ ತಾರೀಖು. ಕೊನೆಯಲ್ಲಿ ಚಿಕ್ಕದಾಗಿ ಇನ್ನೊಂದು ಸಾಲಿತ್ತು: 'ಮೊದಲ ಐದಕ್ಕೆ ಟ್ಯೂಷನ್ ಬೇಡ, ಗಡಿಯಾರ ಇದ್ದಾಳೆ.'

ಮೊದಲ ಸಾಲು ಓದಿದಾಗ ಬರದ ಕಣ್ಣೀರು ಈ ಸಾಲಿಗೆ ಬಂತು.

"ಏನೇ ಅದು ಕಾಗದ?" ಅಮ್ಮ ಕೇಳಿದಳು.

"ಪಾಠ ಅಮ್ಮ."

ಕಾಗದವನ್ನು ಪಕ್ಕಕ್ಕಿಟ್ಟು ಕುರ್ತಾ ಹರಡಿದಳು. ಕಾಲರು, ತೋಳು, ಬೆನ್ನು, ಒಂದು ಸುಕ್ಕೂ ಉಳಿಯದಂತೆ ತಿಕ್ಕಿ ಮಡಿಸಿದಳು. ಆ ಕಾಗದವನ್ನು ಮಡಿಕೆಯ ಮೇಲೆ, ಕಣ್ಣಿಗೆ ಬೀಳುವಂತೆ ಇಟ್ಟು ಕಳಿಸಿದಳು.

ಫಲಿತಾಂಶ ಬಂದಾಗ ಅಕ್ಕನಿಗೆ ಪ್ರಥಮ ದರ್ಜೆ. ಗಡಿಯಾರಕ್ಕೆ ನಾಲ್ಕು ಅಂಕ ಕಡಿಮೆ. ಆ ನಾಲ್ಕು ಅಂಕಕ್ಕೆ ಈ ವರ್ಷದ ಸೀಟು ಹೋಯಿತು.

ವಾರ ಕಳೆದ ಮೇಲೆ ಅಕ್ಕ ಅಂಗಡಿ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತಳು.

"ಟ್ಯೂಷನ್ ಮೇಷ್ಟ್ರು ಯಾರಿಗೂ ಹೇಳಬೇಡ ಅಂದಿದ್ರು ಕಣೇ. ನಾನೇನು ಮಾಡ್ಲಿ?"

"ಹೇಳಬೇಡ ಅಂದ್ರು, ಸರಿ. ಬರಲ್ಲ ಅಂತ ಹೇಳು ಅಂತಾನೂ ಅಂದ್ರಾ?"

ಅಕ್ಕ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು. 

"ತಪ್ಪಾಯ್ತು. ಈ ಒಂದು ವಿಷಯ ಮತ್ತೆ ಬರೀಬಹುದಂತೆ, ವಿಚಾರಿಸಿದೀನಿ."

"ಗೊತ್ತು, ನಾನು ಆಗಲೇ ಶುಲ್ಕ ಕಟ್ಟಿ ಆಯ್ತು."

"ಹಾಗಿದ್ರೆ ನಾನೇ ದಿನಾ ಸಂಜೆ ಬರ್ತೀನಿ. ಕೊನೇ ಐದು ಪಾಠ ನಿನಗೆ ಬಾಯಿಪಾಠ ಆಗೋವರೆಗೂ ಹೇಳಿಕೊಡ್ತೀನಿ. ಟ್ಯೂಷನ್ ಕಾಗದ ಎಲ್ಲಾ ನಿಂದೇ. ಈ ಸಲ ದೇವರಾಣೆ ಕಣೇ. ನಿನಗೆ ಎಷ್ಟೊಂದು ಹೊತ್ತು ಉಳಿಯುತ್ತೆ ನೋಡು."

ಗಡಿಯಾರ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ದನಿ ಏರಿಸಲಿಲ್ಲ.

"ಬೇಡಕ್ಕ. ನೀನು ಹೇಳಿದ್ದು ನಿಜವೋ ಅಲ್ವೋ ಅಂತ ನೋಡೋಕೆ ನಾನು ಮತ್ತೆ ಪುಸ್ತಕ ತೆಗೀಬೇಕಾಗುತ್ತೆ. ಅಷ್ಟು ಹೊತ್ತು ನನ್ನ ಹತ್ರ ಇಲ್ಲ."