ಏಳನೇ ಪೀಪಾಯಿಯೊಳಗಿನ ಮಾತು

ನನ್ನ ನಾದಿನಿಯನ್ನು ಊರೆಲ್ಲ ರೇಡಿಯೋ ಎಂದೇ ಕರೆಯುತ್ತದೆ. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ಮರೆತಿರಬೇಕು. ಎದ್ದರೆ ಮಾತು, ಕೂತರೆ ಮಾತು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಯಜಮಾನರನ್ನು ಕೇಳಿದ್ದೆ, "ಇವಳ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವಾ?" ಅವರು ನಕ್ಕು, "ಬೀಗ ಹಾಕಿದ್ರೆ ಅವಳ ಅನ್ನಕ್ಕೇ ಕಲ್ಲು ಬೀಳುತ್ತೆ ಕಣೇ" ಎಂದಿದ್ದರು.

ಅದು ತಮಾಷೆಯಲ್ಲ ಎಂದು ತಿಳಿದದ್ದು ನಾನೂ ಅವಳ ಜೊತೆ ವೈನ್ ಮನೆಯ ಕೆಲಸಕ್ಕೆ ಸೇರಿದ ಮೇಲೆ. ಆ ಮನೆತನದವರು ಮೂರು ತಲೆಮಾರಿನಿಂದ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದ್ದರು. ನೆಲಮಾಳಿಗೆಯಲ್ಲಿ ಸಾಲಾಗಿ ಒಂಬತ್ತು ಮರದ ಪೀಪಾಯಿ, ಒಂದೊಂದೂ ಕೋಣೆಯಷ್ಟು ದೊಡ್ಡದು. ವೈನ್ ತೆಗೆದ ಮೇಲೆ ಹಲಗೆಗೆ ಕಟ್ಟಿದ ಕೆಂಪು ಹರಳನ್ನು ಯಾರಾದರೂ ಒಳಗೆ ಹೋಗಿ ಉಜ್ಜಬೇಕು. ಬುಡದಲ್ಲಿದ್ದ ಬಾಗಿಲೋ, ಬೆಕ್ಕು ನುಗ್ಗುವಷ್ಟು! ಮೊದಲು ಒಂದು ಕೈ, ಆಮೇಲೆ ತಲೆ, ಆಮೇಲೆ ಅಡ್ಡಡ್ಡ ಮೈ. ಕಡ್ಡಿಯಂತಿದ್ದ ರೇಡಿಯೋಗೆ ಬಿಟ್ಟರೆ ಯಾರಿಗೂ ಅದು ಆಗುತ್ತಿರಲಿಲ್ಲ. ನಾನು ಒಮ್ಮೆ ಹೋಗಲು ನೋಡಿ ಸೊಂಟದ ಹತ್ತಿರ ಸಿಕ್ಕಿಕೊಂಡಿದ್ದೆ. ಅದನ್ನು ಹೇಳಿ ನಗುವುದನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

ಖಾಲಿ ಪೀಪಾಯಿಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಎರಡು ಉಸಿರಿಗೆ ಆಳು ಕುಸಿದುಬಿಡಬಹುದು. ಅದಕ್ಕೇ ಮೊದಲು ಉರಿಯುವ ಮೇಣದಬತ್ತಿ ಒಳಗಿಟ್ಟು ನೋಡುವುದು. ದೀಪ ಆರದೆ ಉರಿದರಷ್ಟೇ ಒಳಗೆ ಹೋಗುವುದು. ಹೋದವಳ ಸೊಂಟಕ್ಕೆ ಹಗ್ಗ, ಅದರ ತುದಿ ಹೊರಗೆ ಕೂತವರ ಕೈಯಲ್ಲಿ. ಒಳಗಿದ್ದವಳು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಹೊರಗಿನವರು ಎಳೆಯಬೇಕು. ಏನು ಬೇಕಾದರೂ ಆಡಬಹುದು, ವೈನ್ ಮನೆಯ ಯಜಮಾನರನ್ನೇ ಬೈಯಬಹುದು. ಪೀಪಾಯಿಯೊಳಗೆ ಆಡಿದ ಮಾತಿಗೆ ಹೊರಗೆ ಯಾರೂ ಸಿಟ್ಟಾಗುವಂತಿಲ್ಲ. ಇಪ್ಪತ್ತೆಂಟು ವರ್ಷ ಹಗ್ಗ ಹಿಡಿದು ಕೂತವಳು ನಾನು. ನನ್ನ ಕಿವಿ ಮಂದವಾದದ್ದು ಅದರಿಂದಲೇ, ಡಾಕ್ಟರು ಏನಾದರೂ ಹೇಳಲಿ.

ಎರಡು ವರ್ಷ ಸತತವಾಗಿ ಆಲಿಕಲ್ಲು ಬಿದ್ದು ಬಳ್ಳಿಗಳೆಲ್ಲ ನೆಲಕಚ್ಚಿದ ಮೇಲೆ, ದೊಡ್ಡ ಯಜಮಾನರ ಮೊಮ್ಮಗಳು ಆ ಜಾಗವನ್ನು ರೆಸಾರ್ಟ್ ಮಾಡಿದಳು. ಉಗ್ರಾಣ ಹದಿನಾಲ್ಕು ಕೋಣೆಯಾಯಿತು, ದ್ರಾಕ್ಷಿ ತುಳಿಯುವ ತೊಟ್ಟಿ ಈಜುಕೊಳವಾಯಿತು. ವೈನ್ ಉಳಿದದ್ದು ಏಳನೇ ಪೀಪಾಯಿಯಲ್ಲಿ ಮಾತ್ರ. ಹುಡುಗಿ ಕೆಟ್ಟವಳಲ್ಲ, ನಮ್ಮ ತೊಡೆಯ ಮೇಲೆ ಆಡಿ ಬೆಳೆದ ಪುಟ್ಟಿ. ಆದರೆ ಹೋದಲ್ಲಿ ಬಂದಲ್ಲಿ 'ದಯವಿಟ್ಟು ನಿಶ್ಶಬ್ದ' ಎಂಬ ಫಲಕ ತೂಗುಹಾಕಿಸಿದಳು. ರೇಡಿಯೋಗೆ ಸಿಕ್ಕಿದ್ದು ಹಾಸಿಗೆ ಬಟ್ಟೆ ಬದಲಿಸುವ ಕೆಲಸ.

ಮೊದಲ ವಾರವೇ ಹೊಸ ಜೋಡಿಯೊಂದನ್ನು, "ನಿನ್ನೆ ಜಗಳ ಆಡಿದ್ರಲ್ಲ, ರಾಜಿ ಆಯ್ತಾ?" ಎಂದು ವಿಚಾರಿಸಿ ದೂರು ತಂದುಕೊಂಡಳು. ಆಮೇಲೆ ಇನ್ನೊಂದು. ಮೂರನೆಯದು ಬಂದರೆ ಮನೆಗೆ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ. ಅಂದಿನಿಂದ ಅವಳು ಬಾಯಿ ಹೊಲಿದುಕೊಂಡಳು. ಮನೆಯಲ್ಲೂ ಮಾತಿಲ್ಲ. ಬೀಗ ಹಾಕಿ ಎಂದಿದ್ದ ನನಗೇ ಕರುಳು ಚುರುಕ್ಕೆಂದಿತು. ಇಷ್ಟಾದರೂ ಮೂರನೆಯ ದೂರು ಬಂದೇ ಬಂತು: ಯಾರೋ ಹೆಂಗಸು ಸದ್ದೇ ಮಾಡದೆ ಹಿಂದೆ ಬಂದು ನಿಂತು ಹೆದರಿಸಿದಳಂತೆ! ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಮ್ಯಾನೇಜರ್ ಹೇಳಿಬಿಟ್ಟ.

ಆ ತಿಂಗಳಲ್ಲೇ ಏಳನೇ ಪೀಪಾಯಿ ಖಾಲಿಯಾಯಿತು. ಉಜ್ಜಲು ಅವಳೇ ಬೇಕು. ಹಗ್ಗ ಹಿಡಿಯಲು ಈ ಕಿವುಡಿ ಇನ್ನು ಆಗುವುದಿಲ್ಲ ಎಂದು ಪುಟ್ಟಿಯೇ ಬಾಗಿಲ ಪಕ್ಕ ಕೂತಳು. ನಾನು ಅಲ್ಲೇ ನಿಂತಿದ್ದೆ.

ಒಳಗಿನದು ನನಗೆ ಕೇಳಲಿಲ್ಲ, ಪುಟ್ಟಿಯ ಮುಖ ಕಾಣುತ್ತಿತ್ತು. ಮೊದಲು ಬಿದ್ದು ಬಿದ್ದು ನಕ್ಕಳು. ವೈನ್ ಹುಳಿಯಾದ ವರ್ಷ ಅವಳ ಮುತ್ತಜ್ಜ ಅದನ್ನು ಔಷಧಿ ಎಂದು ನೆಂಟರಿಗೆಲ್ಲ ಹಂಚಿದ್ದು, ಅಜ್ಜಿ ಮುನಿಸಿಕೊಂಡು ಮೂರನೇ ಪೀಪಾಯಿಯ ಹಿಂದೆ ಇಡೀ ದಿನ ಅಡಗಿ ಕೂತದ್ದು, ಎಲ್ಲ ಹೊರಗೆ ಬರುತ್ತಿತ್ತಂತೆ. ತನ್ನ ಮನೆಯ ಕಥೆ ತನಗೇ ಗೊತ್ತಿರಲಿಲ್ಲ ಎಂದು ಆಮೇಲೆ ಪುಟ್ಟಿ ಹೇಳಿದಳು. ನೋಡನೋಡುತ್ತಲೇ ಅವಳ ಮುಖ ಸಣ್ಣದಾಯಿತು. ಒಳಗಿನಿಂದ ಬಂದ ಮಾತು ಇದು, ಇದನ್ನೂ ಆಮೇಲೆ ಪುಟ್ಟಿಯೇ ಹೇಳಿದ್ದು: "ಪುಟ್ಟೀ, ಪೀಪಾಯಿಯೊಳಗಿದ್ದೀನಿ, ಸಿಟ್ಟಾಗಬೇಡ. ಈ ಕೆಲಸ ಬಿಟ್ಟು ನಂಗೆ ಬೇರೆ ಬದುಕು ಗೊತ್ತಿಲ್ಲ ಕಣೇ. ನನ್ನ ಕಳಿಸಬೇಡ."

ಅಷ್ಟು ಹೇಳಿ ಮಾತು ನಿಂತಿತು.

ಪುಟ್ಟಿ ಬಿಳಿಚಿಕೊಂಡಳು. ಹಗ್ಗ ಜಗ್ಗುತ್ತ, ಬಾಗಿಲಿಗೆ ಬಾಯಿಟ್ಟು ಕೂಗಿದ್ದು ನನಗೂ ಕೇಳಿತು. "ಅತ್ತೇ! ರೇಡಿಯೋ ಅತ್ತೇ! ಮಾತಾಡು! ನಿನ್ನ ದಮ್ಮಯ್ಯ ಅಂತೀನಿ, ಏನಾದ್ರೂ ಮಾತಾಡು!"

ಇಬ್ಬರೂ ಸೇರಿ ಎಳೆದೆವು. ಬಾಗಿಲಲ್ಲಿ ಮೊದಲು ಒಂದು ಕೈ ಬಂತು, ಆಮೇಲೆ ಕಣ್ಣೀರು ಮೂಗು ಒಂದಾದ ಮುಖ. "ಅಯ್ಯೋ, ಒಂದು ನಿಮಿಷ ಅಳೋಕೂ ಬಿಡಲ್ವೇನ್ರೇ? ಸೊಂಟ ಮುರೀತು!" ಪುಟ್ಟಿ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಬಿಳಿ ಅಂಗಿಯೆಲ್ಲ ಕೆಂಪಾಯಿತು.

ಈಗ ದಿನಕ್ಕೆರಡು ಸಲ ಅತಿಥಿಗಳು ನೆಲಮಾಳಿಗೆಗೆ ಬರುತ್ತಾರೆ. ಅಲ್ಲಿದ್ದ ಫಲಕವನ್ನು ಪುಟ್ಟಿ ಕೈಯಾರೆ ಕಿತ್ತುಹಾಕಿದ್ದಾಳೆ. ರೇಡಿಯೋ ಖಾಲಿ ಬಿದ್ದಿರುವ ಮೂರನೇ ಪೀಪಾಯಿಯೊಳಗೆ ನುಸುಳಿ ಆ ಮನೆತನದ ಕಥೆ ಹೇಳುತ್ತಾಳೆ, ಅತಿಥಿಗಳಲ್ಲೇ ಒಬ್ಬರು ಹಗ್ಗ ಹಿಡಿಯುತ್ತಾರೆ. ನಾನು ಸಿಕ್ಕಿಕೊಂಡ ಕಥೆಗೇ ಎಲ್ಲರೂ ಹೆಚ್ಚು ನಗುತ್ತಾರಂತೆ, ಹಾಳಾದವಳು. ಮನೆಗೆ ಬಂದರೂ ಬಾಯಿ ನಿಲ್ಲುವುದಿಲ್ಲ. ನನಗೆ ಅರ್ಧಕ್ಕರ್ಧ ಕೇಳಿಸುವುದಿಲ್ಲ. ಆದರೆ ಅವಳ ತುಟಿ ಆಡುವುದು ಒಂದು ಗಳಿಗೆ ನಿಂತಿತೋ, ನನ್ನ ಕೈ ತಾನಾಗಿಯೇ ಹಗ್ಗಕ್ಕಾಗಿ ತಡಕಾಡುತ್ತದೆ.